ಬೇರೆಯವರ ಕನ್ನಡ ತಿದ್ದುವುದು ಹೇಗೆ: ಆಸ್ತಿ–ಅಸ್ಥಿ ಕಲಿಸಿದ ಪಾಠಗಳು

ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಂಜೆ ಹೀಗೊಂದು ಸಂದೇಶ ಬಂತು: "ನಾಳೆ ಬೆಳಿಗ್ಗೆ 9 ಗಂಟೆಗೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಮ್ಮನ ಆಸ್ತಿ ವಿಸರ್ಜನೆ. ಎಲ್ಲರೂ ಬನ್ನಿ." ಬರೆದವನು ನನ್ನ ದೊಡ್ಡಪ್ಪನ ಮಗ. ದೊಡ್ಡಮ್ಮ ಹೋಗಿ ಮೂರು ದಿನ ಆಗಿತ್ತು. ನಾನು ಕೆಲವು ವರ್ಷ ಕರಡು ತಿದ್ದುವ ಕೆಲಸ ಮಾಡಿದವನು. ಕೈ ಸುಮ್ಮನಿರಲಿಲ್ಲ. "ಅಣ್ಣ, ಅದು ಅಸ್ಥಿ. ಆಸ್ತಿ ನೀರಿಗೆ ಬಿಟ್ಟರೆ ನಮಗೇನು ಉಳಿಯುತ್ತೆ?" ಎಂದು ಬರೆದು, ಜೊತೆಗೊಂದು ನಗುವ ಇಮೋಜಿ ಬೇರೆ ಹಾಕಿದೆ.

ಯಾರೂ ನಗಲಿಲ್ಲ. ಅಣ್ಣ ಆ ಸಂದೇಶ ಅಳಿಸಿ, ಸರಿಯಾಗಿ ಬರೆದು ಮತ್ತೆ ಹಾಕಿದ. ಮಾರನೇ ದಿನ ಹೊಳೆ ದಡದಲ್ಲಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಹೇಳಿದ ಪದ ಸರಿಯಾಗಿತ್ತು. ಉಳಿದದ್ದೆಲ್ಲ ತಪ್ಪಾಗಿತ್ತು. ಹಾಗಂತ ತಿದ್ದಲೇಬಾರದು ಎನ್ನುವವರ ಸಾಲಿಗೆ ನಾನು ಸೇರಿಲ್ಲ. ಯಾರೂ ಬಾಯಿ ಬಿಡದೆ ಹೋದರೆ "ಪ್ರಶಸ್ತಿ ಪ್ರಧಾನ ಸಮಾರಂಭ" ಎಂಬ ಬ್ಯಾನರು ಊರ ತುಂಬ ಹಾರಾಡುತ್ತದೆ. ಆದರೆ ತಪ್ಪು ಎಲ್ಲಿಂದ ಬಂತು ಎಂದು ನೋಡದೆ ತಿದ್ದಹೊರಟರೆ, ಯಾವ ಜ್ವರ ಎಂದು ಕೇಳದೆ ಮಾತ್ರೆ ಕೊಟ್ಟ ಹಾಗೆ. ಆಮೇಲಿನ ವರ್ಷಗಳಲ್ಲಿ ನಾನು ಕಲಿತ ಕ್ರಮ ಇಲ್ಲಿದೆ.

ಹೆಜ್ಜೆ 1: ತಿದ್ದಬೇಕೇ ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ

ತಪ್ಪು ಕಣ್ಣಿಗೆ ಬಿದ್ದ ಕೂಡಲೇ ಬೆರಳು ಕೀಬೋರ್ಡಿಗೆ ಓಡುತ್ತದೆ. ಸ್ವಲ್ಪ ತಡೆಯಿರಿ.

ಅರ್ಥ ಕೆಟ್ಟಿದೆಯೇ ನೋಡಿ. "ನಿಮಗೆ ದನ್ಯವಾದ" ಎಂದು ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ. ಅದಕ್ಕೆ ದನವನ್ನು ಎಳೆದು ತಂದು ನಗುವುದು ಹಳೇ ಜೋಕು, ಬಿಡಿ. ಆದರೆ "ಆ ತೋಟದ ಬೆಳೆ ಎಷ್ಟು?" ಎಂದು ಒಬ್ಬರು ಕೇಳಿದರು ಅನ್ನಿ. ಅವರಿಗೆ ಬೇಕಾದದ್ದು ಬೆಳೆಯೋ ಬೆಲೆಯೋ? ಒಬ್ಬರು ಎಕರೆಗೆ ಇಷ್ಟು ಕ್ವಿಂಟಲ್ ಎನ್ನುತ್ತಾರೆ, ಇನ್ನೊಬ್ಬರು ಇಷ್ಟು ಲಕ್ಷ ಎನ್ನುತ್ತಾರೆ. ಇಂಥ ಕಡೆ ಕೇಳಿ ಸರಿಪಡಿಸಲೇಬೇಕು.

ಬರಹ ಮುಂದೆ ಎಲ್ಲಿಗೆ ಹೋಗುತ್ತದೆ ಎಂದೂ ನೋಡಿ. ಹರಟೆಯ ಸಾಲು ನಾಳೆಗೆ ಯಾರಿಗೂ ನೆನಪಿರುವುದಿಲ್ಲ. ಮದುವೆ ಕಾರ್ಡು, ಸಂಘದ ಬ್ಯಾನರು, ಅಂಗಡಿ ಬೋರ್ಡು ಇವುಗಳ ಕರಡನ್ನು ಗುಂಪಿಗೆ ಹಾಕಿ "ನೋಡಿ ಹೇಳಿ" ಎಂದರೆ ಒಂದು ಸೊನ್ನೆಯನ್ನೂ ಬಿಡಬೇಡಿ. ನಮ್ಮ ಬೀದಿಯವರೊಬ್ಬರು "ಗ್ರಹಪ್ರವೇಶ" ಎಂದು 300 ಕಾರ್ಡು ಅಚ್ಚು ಹಾಕಿಸಿದರು. ಕರಡಿನ ಫೋಟೊ ಎರಡು ದಿನ ಗುಂಪಿನಲ್ಲೇ ಇತ್ತು. ಅಣ್ಣನ ಪ್ರಸಂಗದಿಂದ ಹೆದರಿದ್ದ ನಾನು ಬಾಯಿ ಮುಚ್ಚಿಕೊಂಡಿದ್ದೆ. ಅದೂ ತಪ್ಪೇ. ಅಚ್ಚಾದ ಮೇಲೆ ಹೇಳಿದರೆ ಬರೀ ಚುಚ್ಚಿದ ಹಾಗಾಗುತ್ತದೆ.

ಇನ್ನು ಹೊತ್ತು. ಸಾವು, ಕಾಯಿಲೆ, ಯಾರೋ ನೋವು ತೋಡಿಕೊಂಡ ಸಾಲು: ಇಲ್ಲಿ ಕಾಗುಣಿತ ಕಾಣಲೇಬಾರದು. ಜಗಳದ ನಡುವೆಯೂ ಬೇಡ. ಕಾವೇರಿ ನೀರಿನ ಹಂಚಿಕೆ ಬಗ್ಗೆ ಬಿಸಿಬಿಸಿ ವಾದ ನಡೆಯುವಾಗ ಎದುರಿನವರು "ನ್ಯಾಯಾದಿಕರಣ" ಎಂದು ಬರೆದರೆ, ಅವರ ಲೆಕ್ಕಕ್ಕೆ ಉತ್ತರ ಕೊಡಿ. ಧಕಾರ ಹಿಡಿದು ಎಳೆದರೆ ನಿಮ್ಮ ಹತ್ತಿರ ಉತ್ತರ ಇಲ್ಲ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ಬಹುತೇಕ ಅದು ನಿಜವೂ ಆಗಿರುತ್ತದೆ.

ಹೆಜ್ಜೆ 2: ತಪ್ಪು ಎಲ್ಲಿಂದ ಬಂತು ಎಂದು ಪತ್ತೆ ಮಾಡಿ

ಇದೇ ಮುಖ್ಯ ಕೆಲಸ, ಹೆಚ್ಚು ಹೊತ್ತು ಬೇಡುವುದೂ ಇದೇ. ಕನ್ನಡದಲ್ಲಿ ಪದ ಅದಲುಬದಲಾಗುವುದಕ್ಕೆ ಬೇರೆ ಬೇರೆ ಕಾರಣಗಳಿವೆ. ಕಾರಣ ಗೊತ್ತಾದರೆ ಹೇಗೆ ಹೇಳಬೇಕು ಎಂಬುದೂ ತಾನಾಗಿ ಗೊತ್ತಾಗುತ್ತದೆ.

ಮೊದಲು ಹಕಾರ. ಮಂಡ್ಯ, ಹಾಸನ, ತುಮಕೂರು, ಬೆಂಗಳೂರಿನ ಸುತ್ತಿನ ಹಳ್ಳಿಗಳಲ್ಲಿ ಮಾತಿನಲ್ಲಿ ಹಕಾರ ಬಿದ್ದುಹೋಗುತ್ತದೆ. ಹಾಲು ಆಲು, ಹೋಗು ಓಗು, ಹಳ್ಳಿ ಅಳ್ಳಿ. ಇದನ್ನು ಸೋಮಾರಿತನ ಎನ್ನುವವರಿಗೆ ಒಂದು ಹಳೇ ಕತೆ ಹೇಳಬೇಕು. ಹಳಗನ್ನಡದಲ್ಲಿ ಅದು ಪಾಲ್. ನಡುಗನ್ನಡದ ಹೊತ್ತಿಗೆ ಹಾಲು ಆಯಿತು. ಪುಲಿ ಹುಲಿ ಆಯಿತು, ಪಲ್ ಹಲ್ಲಾಯಿತು. ತಮಿಳಿನಲ್ಲಿ ಇವತ್ತಿಗೂ ಪಾಲ್, ಪುಲಿ, ಪಲ್ ಹಾಗೇ ಇವೆ. ಪಕಾರ ಸವೆದು ಹಕಾರ ಆಯಿತು, ಮಂಡ್ಯದ ನಾಲಿಗೆ ಅದನ್ನು ಇನ್ನೊಂದು ಸುತ್ತು ಸವೆಸಿತು. ಪಾಲ್ ಬಿಟ್ಟು ಹಾಲು ಎನ್ನುವ ನಾವು ಆಲು ಎನ್ನುವವರನ್ನು ಆಡಿಕೊಳ್ಳುವುದು ಎಲ್ಲಿಯ ನ್ಯಾಯ?

ತೊಂದರೆ ಶುರುವಾಗುವುದು ಬರೆಯುವಾಗ. ಬಿದ್ದ ಹಕಾರ ಯಾವ ಪದದಲ್ಲಿತ್ತು ಎಂಬ ಗೊಂದಲದಲ್ಲಿ, ಇಲ್ಲದ ಕಡೆಯೂ ಸೇರಿಸಿಬಿಡುತ್ತಾರೆ. ಆಶೀರ್ವಾದ "ಹಾಶೀರ್ವಾದ" ಆಗುತ್ತದೆ. ಇದು ನಿರುಪದ್ರವಿ. ಆದರೆ "ಆದರದ ಸ್ವಾಗತ" ಹೋಗಿ "ಹಾದರದ ಸ್ವಾಗತ" ಆಗಿದ್ದರೆ ಈ ಮಾರ್ಗದರ್ಶಿಯ ಉಳಿದ ಹೆಜ್ಜೆಗಳನ್ನೆಲ್ಲ ಮರೆತು ತಕ್ಷಣ ಫೋನ್ ಮಾಡಿ! ಹಾಡು–ಆಡು, ಹಕ್ಕಿ–ಅಕ್ಕಿ, ಹೊಡೆ–ಒಡೆ, ಹೇಳು–ಏಳು, ಹೊಗೆ–ಒಗೆ. ಈ ಜೋಡಿಗಳಲ್ಲಿ ಎರಡೂ ನಿಜವಾದ ಪದಗಳು. ಹಾಗಾಗಿ ಫೋನಿನ ಕಾಗುಣಿತ ಪರೀಕ್ಷಕಕ್ಕೆ ಅವು ಸಿಕ್ಕಿಬೀಳುವುದಿಲ್ಲ. ಹುಟ್ಟುಹಬ್ಬಕ್ಕೆ "ಆರ್ಥಿಕ ಶುಭಾಶಯಗಳು" ಎಂದು ಬರೆದವರಿಗೆ ದುಡ್ಡು ಎಲ್ಲಿ ಎಂದು ಕೇಳುವುದು ಸುಲಭ. ಉಪಯೋಗ ಆಗುವುದು ಬೇರೆ: "ಹಾರ್ದಿಕ ಬಂದಿದ್ದು ಹೃದಯದಿಂದ. ಅಲ್ಲಿಯ ಹ, ದ ಇಲ್ಲೂ ಇವೆ." ಇಷ್ಟು ಹೇಳಿದರೆ ಜನ್ಮದಲ್ಲಿ ಮರೆಯುವುದಿಲ್ಲ.

ಲಕಾರ–ಳಕಾರದ ಕತೆ ಬೇರೆ. ಹಿಂದಿ, ಇಂಗ್ಲಿಷ್ ನಡುವೆ ಬೆಳೆದ ಮಕ್ಕಳಲ್ಲಿ, ಹೊರದೇಶದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಇದು ಜಾಸ್ತಿ. ಆ ಎರಡು ಭಾಷೆಗಳಲ್ಲಿ ಳ ಬಳಕೆಯಲ್ಲಿಲ್ಲ. ಕಿವಿಗೆ ಕೇಳದ ಅಕ್ಷರ ಕೈಗೆ ಹೇಗೆ ಬರಬೇಕು? "ಹೊಸ ಸ್ಕೂಟರ್ ಕೊಲ್ಲಬೇಕು" ಎನ್ನುತ್ತಾರೆ. "ಆರೋಗ್ಯ ಕಾಪಾಡಿಕೊಲ್ಲಿ" ಎಂದು ಪ್ರೀತಿಯಿಂದಲೇ ಹಾರೈಸುತ್ತಾರೆ. ಇವರಿಗೆ ವ್ಯಾಕರಣ ಬೇಡ, ಜೋಡಿ ವಾಕ್ಯ ಸಾಕು: "ಹಳ್ಳಿಯ ಗೋಡೆ ಮೇಲೆ ಹಲ್ಲಿ." "ಒಳ್ಳೆ ಬೆಳೆಗೆ ಒಳ್ಳೆ ಬೆಲೆ." ಧ್ವನಿ ಸಂದೇಶದಲ್ಲಿ ಹೇಳಿ ಕಳಿಸಿದರೆ ಇನ್ನೂ ಒಳ್ಳೆಯದು. ಈ ತಪ್ಪು ಕಿವಿಯದ್ದು, ಕಿವಿಯಿಂದಲೇ ಸರಿಹೋಗಬೇಕು.

ಮಹಾಪ್ರಾಣದ್ದು ಇಡೀ ಕನ್ನಡ ನಾಡಿನ ಪಾಡು. ದಿನದ ಮಾತಿನಲ್ಲಿ ಧ, ಭ, ಥ ಇವನ್ನು ಒತ್ತಿ ಹೇಳುವವರು ಕಡಿಮೆ. ಹಾಗಾಗಿ ಬರೆಯುವಾಗ ಎಲ್ಲಿ ಹೊಟ್ಟೆ ಸೀಳಬೇಕು ಎಂಬುದು ಬರೀ ನೆನಪಿನ ಮೇಲೆ ನಿಂತಿದೆ. ಬಿಟ್ಟು ಬರೆಯುವವರು ಒಂದು ಗುಂಪು. ಶಾಲೆಯಲ್ಲಿ ಬೈಸಿಕೊಂಡು, ಭಯದಿಂದ ಎಲ್ಲ ಕಡೆಗೂ ಸೀಳುವವರು ಇನ್ನೊಂದು ಗುಂಪು. "ವಿಧ್ಯಾರ್ಥಿ", "ಅಧ್ಬುತ", "ದುರಸ್ಥಿ" ಈ ಎರಡನೇ ಗುಂಪಿನ ಕೊಡುಗೆ. ವಿದ್ಯೆಯಲ್ಲಿ ಮಹಾಪ್ರಾಣ ಇಲ್ಲ. ಅದ್ಭುತದಲ್ಲಿ ಅದು ದಕಾರಕ್ಕಿಲ್ಲ, ಕೆಳಗಿನ ಭಕಾರಕ್ಕಿದೆ. ದುರಸ್ತಿಯಂತೂ ಫಾರಸಿಯಿಂದ ಬಂದ ಪದ, ಅದಕ್ಕೂ ಸಂಸ್ಕೃತದ ಸ್ಥಿತಿಗೂ ನೆಂಟಸ್ತಿಕೆಯೇ ಇಲ್ಲ. ಹೆಚ್ಚು ಸೀಳಿದವರನ್ನು ತಿದ್ದುವಾಗ ತುಂಬ ಮೆತ್ತಗಿರಿ. ಅವರು ಆಗಲೇ ಒಮ್ಮೆ ಬೈಸಿಕೊಂಡವರು.

ಮಹಾಪ್ರಾಣದಿಂದ ಅರ್ಥವೇ ಬದಲಾಗುವ ಜೋಡಿಗಳನ್ನು ಮಾತ್ರ ಬಾಯಿಪಾಠ ಮಾಡಿಕೊಳ್ಳಿ. ಪ್ರದಾನ ಎಂದರೆ ಕೊಡುವುದು, ಅದರೊಳಗೆ ದಾನ ಕೂತಿದೆ. ಪ್ರಧಾನ ಎಂದರೆ ಮುಖ್ಯ, ಪ್ರಧಾನ ಮಂತ್ರಿಯಲ್ಲಿರುವುದು ಅದು. ಮದ್ಯದಲ್ಲಿ ಮದ ಇದೆ, ಹಾಗಾಗಿ ಅಲ್ಪಪ್ರಾಣ. ಮಧ್ಯ ಎಂದರೆ ನಡು. "ಮಧ್ಯ ಮಾರಾಟ ನಿಷೇಧ" ಎಂದು ಬೋರ್ಡು ಹಾಕಿದರೆ ಪಾಪ ನಡುವನ್ನು ಯಾರು ಮಾರುತ್ತಾರೆ? ದನ–ಧನ ಎಲ್ಲರಿಗೂ ಗೊತ್ತು. ಆಸ್ತಿ–ಅಸ್ಥಿಯ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಗೃಹ–ಗ್ರಹದ ಗೊಂದಲ ಋಕಾರದಿಂದ ಬಂದದ್ದು. ನಾವು ಋ ಅನ್ನು ರು ಎಂದೇ ಹೇಳುವುದರಿಂದ ಕಿವಿ ಸಹಾಯಕ್ಕೆ ಬರುವುದಿಲ್ಲ. ಮನೆಗೆ ಸೇರಿದ್ದೆಲ್ಲ ಗೃ: ಗೃಹಿಣಿ, ಗೃಹಪ್ರವೇಶ, ಗೃಹಸಚಿವ. ಹಿಡಿಯುವುದಕ್ಕೆ, ಆಕಾಶಕ್ಕೆ ಸೇರಿದ್ದು ಗ್ರ: ಗ್ರಹಣ, ಗ್ರಹಚಾರ, ಸಂಗ್ರಹ, ಅನುಗ್ರಹ. 2023ರಿಂದ ರಾಜ್ಯದಲ್ಲಿ ಒಂದು ಅನುಕೂಲವಾಗಿದೆ. ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆಯ ಹೆಸರು ಎಲ್ಲ ಮನೆಗೂ ಮುಟ್ಟಿದೆ. "ಗೃಹಲಕ್ಷ್ಮಿಯ ಗೃ ಹಾಕಿ" ಎಂದರೆ ಸಾಕು.

ಸಂಧಿಯಲ್ಲಿ ಆಗುವ ತಪ್ಪನ್ನು ಓದಿಕೊಂಡವರೇ ಜಾಸ್ತಿ ಮಾಡುತ್ತಾರೆ, ಪತ್ರಿಕೆಗಳಲ್ಲೂ ಕಾಣುತ್ತದೆ. "ಜಾತ್ಯಾತೀತ", "ಕೋಟ್ಯಾಧಿಪತಿ". ಜಾತಿ ಮತ್ತು ಅತೀತ ಸೇರಿದರೆ ಜಾತ್ಯತೀತ. ಕೋಟಿ ಮತ್ತು ಅಧಿಪತಿ ಸೇರಿದರೆ ಕೋಟ್ಯಧಿಪತಿ. ಮೊದಲ ಪದ ಇ ಇಂದ ಮುಗಿದು ಎರಡನೇ ಪದ ಅ ಇಂದ ಶುರುವಾದರೆ ದೀರ್ಘ ಬರುವುದಿಲ್ಲ. ಇತಿ ಮತ್ತು ಆದಿ ಸೇರಿದಾಗ ಇತ್ಯಾದಿ ಆಗುವುದು ಅಲ್ಲಿ ಆ ಇರುವುದರಿಂದ. ಯಣ್ ಸಂಧಿ ಎಂಬ ಹೆಸರು ಹೇಳಿ ಹೆದರಿಸಬೇಡಿ. "ಅತ್ಯಂತ ಎನ್ನುತ್ತೀರಿ, ಅತ್ಯಾಂತ ಎನ್ನುವುದಿಲ್ಲ ಅಲ್ವಾ? ಇದೂ ಹಾಗೇ" ಎನ್ನಿ.

ಕೊನೆಯ ಅಕ್ಷರದ ದೀರ್ಘ ಬಿಟ್ಟುಹೋಗುವುದನ್ನು ಜನ ತಪ್ಪು ಎಂದೇ ಎಣಿಸುವುದಿಲ್ಲ. ನನ್ನ ಲೆಕ್ಕದಲ್ಲಿ ಮಹಾಪ್ರಾಣಕ್ಕಿಂತ ಹೆಚ್ಚು ಕೆಡಿಸುವುದು ಇದೇ. "ಅವರು ಬಂದರು ನಾನು ಹೋಗಲ್ಲ" ಎಂದರೆ ಏನು? ಬಂದಾಯಿತೇ, ಬಂದರೂ ಹೋಗುವುದಿಲ್ಲವೇ? ಬಂದರು ಎಂದರೆ ಅವರು ಬಂದರು. ಮಂಗಳೂರಿನಲ್ಲಿ ಹಡಗು ನಿಲ್ಲುವ ಜಾಗವೂ ಬಂದರು. ಬಂದರೂ ಎಂದರೆ ಬಂದಾಗ್ಯೂ. ಆದರು–ಆದರೂ, ಎಂದು–ಎಂದೂ ಇವೂ ಹೀಗೇ. "ನಿಮ್ಮನ್ನು ಎಂದು ಮರೆಯಲ್ಲ" ಎಂಬ ಸಾಲು ಓದಿ, ಎಂದು ಮರೆಯುತ್ತಾರೋ ತಾರೀಕು ಹೇಳಿ ಎನ್ನಬೇಕು ಅನಿಸುತ್ತದೆ. ಅನಿಸಿದರೆ ಸಾಕು, ಬರೆಯಬೇಡಿ.

ಇನ್ನು ಫೋನು, ಕಂಪ್ಯೂಟರಿನಿಂದ ಆಗುವ ತಪ್ಪು. ಬಹಳ ಸಲ ಬರೆದವರಿಗೆ ಸರಿಯಾದ ಪದ ಗೊತ್ತೇ ಇರುತ್ತದೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಅಲ್ಪಪ್ರಾಣಕ್ಕೆ ಒಂದು ಕೀಲಿ, ಅದನ್ನೇ ಶಿಫ್ಟ್ ಜೊತೆ ಒತ್ತಿದರೆ ಮಹಾಪ್ರಾಣ. ನ ಇರುವ ಕೀಲಿಯಲ್ಲೇ ಣ, ಲ ಇರುವ ಕೀಲಿಯಲ್ಲೇ ಳ. ಕಿರುಬೆರಳು ಒಂದು ಕ್ಷಣ ತಡವಾದರೆ ಧನ ದನವಾಗುತ್ತದೆ, ಬೆಳೆ ಬೆಲೆಯಾಗುತ್ತದೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವವರ ಪಾಡು ಇನ್ನೂ ಕಷ್ಟ. ಫೋನು ತನಗೆ ತೋಚಿದ ಪದ ಮುಂದೆ ಮಾಡುತ್ತದೆ, ಇವರು ನೋಡದೆ ಒತ್ತುತ್ತಾರೆ. "ರಾಜ್ಕುಮಾರ್" ಎಂದು ಕಂಡರೆ ಬರೆದವರು ದಡ್ಡರಲ್ಲ. ಜ್ ಆದ ಮೇಲೆ ಒತ್ತಕ್ಷರ ಬೇಡ ಎಂದು ಹೇಳುವ ಕಣ್ಣಿಗೆ ಕಾಣದ ಚಿಹ್ನೆಯೊಂದು ಯುನಿಕೋಡ್‌ನಲ್ಲಿದೆ. ಅದನ್ನು ಹಾಕಿದರೆ ರಾಜ್‌ಕುಮಾರ್ ಬರುತ್ತದೆ. ಎಷ್ಟೋ ಜನರಿಗೆ ಅದು ಎಲ್ಲಿದೆ ಎಂದೇ ಗೊತ್ತಿಲ್ಲ. ಹಾಗೆಯೇ ಅಕ್ಷರದ ಸೊನ್ನೆಯ ಜಾಗದಲ್ಲಿ ಅಂಕಿಯ ಸೊನ್ನೆ ಹಾಕಿದರೆ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ತರ ಕಾಣುತ್ತದೆ. ಹುಡುಕಿದರೆ ಮಾತ್ರ ಆ ಪದ ಸಿಗುವುದಿಲ್ಲ.

ಕೈತಪ್ಪೋ ತಿಳಿವಳಿಕೆ ತಪ್ಪೋ ಎಂದು ಹೇಗೆ ತಿಳಿಯುವುದು? ಅದೇ ವ್ಯಕ್ತಿಯ ಹಳೇ ಸಂದೇಶಗಳಲ್ಲಿ ಆ ಪದ ಹುಡುಕಿ. ಬೇರೆ ಕಡೆ ಸರಿ ಬರೆದಿದ್ದರೆ ಅದು ಬೆರಳಿನ ತಪ್ಪು. ಸುಮ್ನೆ ಬಿಡಿ.

ಹೆಜ್ಜೆ 3: ತಪ್ಪೇ ಅಲ್ಲದ್ದನ್ನು ಗುರುತಿಸಿ

ನಾನು ಮೈಸೂರು ಕಡೆಯವನು. ಮಂಗಳೂರಿನ ಗೆಳೆಯರೊಬ್ಬರು "ನಾಳೆ ಪಿಕ್ಚರಿಗೆ ಹೋಗುವ" ಎಂದು ಬರೆದಾಗ, ಹೋಗುವ ಯಾರು ಎಂದು ಕಾಯುತ್ತ ಕೂತಿದ್ದೆ. ಅವರ ಕನ್ನಡದಲ್ಲಿ ಹೋಗುವ ಎಂದರೆ ಹೋಗೋಣ. ವಾಕ್ಯ ಅಲ್ಲಿಗೇ ಮುಗಿದಿತ್ತು! ಧಾರವಾಡದವರು "ಸಾಲಿಗೆ ಹೋಗ್ಯಾನ" ಎಂದರೆ ಅದು ಅವರ ಮನೆಯ ಕನ್ನಡ. ಅವರು ಬೇಕೆಂದೇ ಹಾಗೆ ಬರೆದಿರುತ್ತಾರೆ. ಅಲ್ಲಿಗೆ ಹೋಗಿ "ಶಾಲೆಗೆ ಹೋಗಿದ್ದಾನೆ" ಎಂದು ತಿದ್ದುವುದು, ನೆಂಟರ ಮನೆಯ ಸಾರಿಗೆ ನಮ್ಮ ಮನೆ ಪುಡಿ ಹಾಕಿದ ಹಾಗೆ.

ಶಕಾರ ಸಕಾರವಾಗುವುದು ನಿನ್ನೆ ಮೊನ್ನೆಯದಲ್ಲ. ಶರ್ಕರ ಸಕ್ಕರೆ ಆದದ್ದು, ಶುಲ್ಕ ಸುಂಕ ಆದದ್ದು, ಶ್ರೀ ಸಿರಿ ಆದದ್ದು ಹೀಗೆಯೇ. 13ನೇ ಶತಮಾನದಲ್ಲಿ ಕೇಶಿರಾಜ ತನ್ನ ವ್ಯಾಕರಣದಲ್ಲಿ ಇಂಥ ಮಾರ್ಪಾಡುಗಳಿಗೆಂದೇ ಒಂದು ಪ್ರಕರಣ ಮೀಸಲಿಟ್ಟ. ಹೆಸರು ಅಪಭ್ರಂಶ ಪ್ರಕರಣ. ಕೆಟ್ಟುಹೋಯಿತು ಎಂದು ಎಸೆಯದೆ, ಹೇಗೆ ಬದಲಾಯಿತು ಎಂದು ನಿಯಮ ಬರೆದ. ಕತೆ–ಕಥೆ ಎರಡೂ ನಡೆಯುತ್ತವೆ. ಕತೆ ಎಂದು ಬರೆದವರಿಗೆ ಥ ಕಲಿಸಲು ಹೋಗಬೇಡಿ.

ಇನ್ನೊಂದು ಗುಂಪಿದೆ, ಇವರ ಬಗ್ಗೆ ಗೊತ್ತಿಲ್ಲದೆ ಕೈ ಹಾಕಿದರೆ ನೀವೇ ಪೇಚಿಗೆ ಸಿಗುತ್ತೀರಿ. "ಬಾಶೆ", "ಸಂಸ್ಕ್ರುತ" ಎಂದು ಬರೆಯುವವರು. ನುಡಿಯರಿಗ, ಅಂದರೆ ಭಾಷಾವಿಜ್ಞಾನಿ, ಡಿ.ಎನ್. ಶಂಕರ ಭಟ್ಟರು ಕನ್ನಡದ ಬರಹಕ್ಕೆ ಮಹಾಪ್ರಾಣ, ಷ, ಋ ಬೇಕಿಲ್ಲ, ಆಡುವ ಹಾಗೆಯೇ ಬರೆಯಬಹುದು ಎಂದು ವಾದ ಮಾಡಿದರು. ಅದನ್ನು ಒಪ್ಪಿದವರು ತಿಳಿದೇ ಹಾಗೆ ಬರೆಯುತ್ತಾರೆ. ನಾನು ಆ ದಾರಿಯವನಲ್ಲ, ನನ್ನ ಕಣ್ಣಿಗೆ ಹಳೇ ಬರಹವೇ ಹಿತ. ಆದರೆ ಅದನ್ನು ಕಾಗುಣಿತ ದೋಷ ಎನ್ನಲಾಗದು. ಒಬ್ಬರು ಎಲ್ಲ ಪದಗಳಲ್ಲೂ ಒಂದೇ ಸಮ ಮಹಾಪ್ರಾಣ ಬಿಟ್ಟಿದ್ದಾರಾ? ಜೊತೆಗೆ "ಮಾರ್ಪಾಟು", "ಅರಿಮೆ", "ಕಲಿಕೆ" ತರದ ಅಚ್ಚಗನ್ನಡ ಪದಗಳನ್ನು ಹುಡುಕಿ ಬಳಸಿದ್ದಾರಾ? ಹಾಗಿದ್ದರೆ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ದಾಟಿ ಮುಂದೆ ಹೋಗಿ.

ಹೆಜ್ಜೆ 4: ಬಾಯಿ ತೆರೆಯುವ ಮೊದಲು ನಿಘಂಟು ತೆರೆಯಿರಿ

ತಿದ್ದಹೊರಟು ತಾನೇ ತಪ್ಪುವುದಕ್ಕಿಂತ ಮುಜುಗರ ಇನ್ನೊಂದಿಲ್ಲ. ನಿಮಗೆ ನೂರಕ್ಕೆ ನೂರು ಖಾತ್ರಿ ಇರುವ ಪದವನ್ನೇ ಮೊದಲು ನೋಡಿ. ಖಾತ್ರಿ ಇಲ್ಲದ್ದನ್ನು ಹೇಗೂ ನೋಡೇ ನೋಡುತ್ತೀರಿ.

ದೊಡ್ಡ ಆಧಾರ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು. ಹಳೇ ಪದಗಳಿಗೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಕೋಶ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಫೋನಿನಲ್ಲೇ ನೋಡಲು ಅಲರ್ ಎಂಬ ಉಚಿತ ಕನ್ನಡ–ಇಂಗ್ಲಿಷ್ ನಿಘಂಟಿದೆ. ಹರಟೆಯ ನಡುವೆ ಅದೇ ಸಾಕು. ಗೂಗಲ್‌ನಲ್ಲಿ ಎಷ್ಟು ಕಡೆ ಸಿಕ್ಕಿತು ಎಂದು ಎಣಿಸಿ ತೀರ್ಪು ಕೊಡಬೇಡಿ. ತಪ್ಪು ರೂಪವೂ ರಾಶಿ ರಾಶಿ ಸಿಗುತ್ತದೆ.

ನಿಘಂಟು ನೋಡಿದ ಮೇಲೂ ಕೆಲವು ಪದಗಳ ವಿಷಯದಲ್ಲಿ ಸುಮ್ಮನಿರುವುದು ವಾಸಿ. ಉಪಾಹಾರ–ಉಪಹಾರ ತಗೊಳ್ಳಿ. ಉಪ ಮತ್ತು ಆಹಾರ ಸೇರಿ ಉಪಾಹಾರ, ಅಂದರೆ ತಿಂಡಿ. ಉಪಹಾರ ಸಂಸ್ಕೃತದಲ್ಲಿ ಕಾಣಿಕೆ. ಆದರೆ ಊರೂರಿನ ಹೋಟೆಲ್ ಬೋರ್ಡಿನ ಮೇಲೆ ಎರಡೂ ಇವೆ. ಉಪಹಾರ ದರ್ಶಿನಿಗೆ ಹೋದವರು ಯಾರೂ ಕಾಣಿಕೆ ಕೇಳಿಲ್ಲ, ಇಡ್ಲಿಯನ್ನೇ ಕೇಳಿದ್ದಾರೆ. ನೀವು ಬರೆಯುವಾಗ ಉಪಾಹಾರ ಎಂದು ಬರೆಯಿರಿ. ಬೇರೆಯವರು ಕೇಳಿದರೆ ಹೇಳಿ. ಅಷ್ಟಕ್ಕೇ ನಿಲ್ಲಿಸಿ.

ಕೇಳಿದರೆ ಹೇಳುವುದು ಎಂದಾಗ ನನಗೆ ನೆನಪಾಗುವುದು ಜಿ. ವೆಂಕಟಸುಬ್ಬಯ್ಯನವರು. 1913ರಲ್ಲಿ ಹುಟ್ಟಿ 2021ರವರೆಗೆ ಬಾಳಿದ ನಿಘಂಟು ತಜ್ಞರು. ಪ್ರಜಾವಾಣಿಯ ಇಗೋ ಕನ್ನಡ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಪದಗಳ ಅನುಮಾನ ಬಿಡಿಸಿದರು. ಅಲ್ಲಿ ಪ್ರಶ್ನೆ ಮೊದಲು ಓದುಗರಿಂದ ಬರುತ್ತಿತ್ತು, ಉತ್ತರ ಆಮೇಲೆ. ಆ ಕ್ರಮದಲ್ಲೇ ಅರ್ಧ ಮರ್ಯಾದೆ ಇದೆ.

ಹೆಜ್ಜೆ 5: ಎಲ್ಲಿ, ಹೇಗೆ, ಏನೆಂದು ಹೇಳುವುದು

ಎಲ್ಲರೆದುರು ಹೇಳಬೇಡಿ. ನೇರವಾಗಿ ಆ ಒಬ್ಬರಿಗೇ ಸಂದೇಶ ಕಳಿಸಿ. ಬೇಗ ಕಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ತಿದ್ದಲು ಸಿಗುವುದು 15 ನಿಮಿಷ ಮಾತ್ರ. ಅಷ್ಟರೊಳಗೆ ಹೇಳಿದರೆ ಅವರೇ ಸದ್ದಿಲ್ಲದೆ ಸರಿಮಾಡಿಕೊಳ್ಳುತ್ತಾರೆ. ಆ ಹೊತ್ತು ಮೀರಿದ್ದರೆ, ಬರೀ ಹರಟೆಯಾದರೆ ಬಿಟ್ಟುಬಿಡಿ. ಪ್ರಕಟಣೆಯಾದರೆ ಮಾತ್ರ ಹೇಳಿ.

ಒಂದು ತಪ್ಪು ಮಾತ್ರ ಹೇಳಿ. ಐದಿದ್ದರೂ ಅರ್ಥ ಕೆಡಿಸುವ ಒಂದನ್ನು ಆರಿಸಿ. ಪಟ್ಟಿ ಕಳಿಸಿದರೆ ಅದು ಉತ್ತರ ಪತ್ರಿಕೆ ಆಗುತ್ತದೆ, ನೀವು ಕೆಂಪು ಪೆನ್ನಿನ ಮೇಷ್ಟ್ರಾಗುತ್ತೀರಿ.

ದೊಡ್ಡವರಿಗಾದರೆ ನಾನು ಹೀಗೆ ಬರೆಯುತ್ತೇನೆ: "ಚಿಕ್ಕಪ್ಪ, ಕಾರ್ಡು ಚೆನ್ನಾಗಿ ಬಂದಿದೆ. ಅಚ್ಚಿಗೆ ಕೊಡುವ ಮುಂಚೆ ಒಂದು ಸಣ್ಣದು. ಗ್ರಹ ಅಂತ ಆಗಿದೆ, ಗೃಹಪ್ರವೇಶ ಅಂತ ಮಾಡಿಸಿಬಿಡಿ. ಪ್ರೆಸ್‌ನವರು ತಪ್ಪಿ ಹಾಕಿರಬೇಕು." ಕೊನೆಯ ವಾಕ್ಯ ಸುಳ್ಳೇ ಇರಬಹುದು. ಇರಲಿ, ಆ ಸುಳ್ಳಿಗೆ ಪಾಪ ಇಲ್ಲ. ಪರಿಚಯ ಇಲ್ಲದವರಿಗೆ: "ಸರ್, ಲೇಖನ ಇಷ್ಟವಾಯಿತು. ಮೂರನೇ ಸಾಲಿನಲ್ಲಿ ಬಂದರು ಅಂತಿದೆ, ಬಂದರೂ ಇರಬೇಕಾ? ನಾನು ಮೊದಲು ಬೇರೆ ಅರ್ಥ ಮಾಡಿಕೊಂಡೆ." ಪ್ರಶ್ನೆಯಾಗಿ ಕೇಳಿದರೆ ಹೌದು ಎನ್ನಲು ಅವರಿಗೂ ಸುಲಭ. ಓರಗೆಯವರಿಗೆ ಇಷ್ಟೆಲ್ಲ ಬೇಕಿಲ್ಲ. "ಲೋ, ಸ್ಕೂಟರ್ ಕೊಲ್ಲಬೇಡ ಕಣೋ, ಕೊಂಡ್ಕೋ" ಎಂದರೆ ನಗುತ್ತಾರೆ. ಆದರೆ ಅದನ್ನೂ ಅವರ ಮಾವನ ಮನೆಯವರಿರುವ ಗುಂಪಿನಲ್ಲಿ ಹೇಳಬೇಡಿ.

ಹೇಳದೆಯೇ ಹೇಳುವ ಉಪಾಯವೂ ಒಂದಿದೆ, ನನಗೆ ಬಹಳ ಇಷ್ಟ. ಅವರು "ಭಾನುವಾರ ಪ್ರಶಸ್ತಿ ಪ್ರಧಾನ" ಎಂದು ಬರೆದರೆ, "ಪ್ರಶಸ್ತಿ ಪ್ರದಾನ ಎಷ್ಟು ಗಂಟೆಗೆ? ಬರ್ತೀನಿ" ಎಂದು ಉತ್ತರಿಸಿ. ಸರಿಯಾದ ಪದ ಕಣ್ಣಿಗೆ ಬಿದ್ದಿರುತ್ತದೆ. ಎಚ್ಚರ ಇದ್ದವರು ಹಿಡಿದುಕೊಳ್ಳುತ್ತಾರೆ. ಇಲ್ಲದಿದ್ದರೆ ನಿಮಗೆ ಗಂಟೆಯಾದರೂ ಗೊತ್ತಾಯಿತು.

ಕನ್ನಡ ಈಗಷ್ಟೇ ಕಲಿಯುತ್ತಿರುವವರ ಮಾತು ಬೇರೆ. ಬೇರೆ ರಾಜ್ಯದಿಂದ ಬಂದು ಕಷ್ಟಪಟ್ಟು "ನನಗೆ ಕನ್ನಡ ಸ್ವಲ್ಪ ಬರುತ್ತೆ" ಎಂದು ಬರೆದವರು, ಮನೆಯಲ್ಲಿ ತುಳುವೋ ಕೊಂಕಣಿಯೋ ಉರ್ದುವೋ ಆಡಿ ಹೊರಗೆ ಕನ್ನಡ ಬರೆಯುವವರು. ಇವರು ಕೇಳುವವರೆಗೆ ಒಂದಕ್ಷರ ತಿದ್ದಬೇಡಿ. ಕನ್ನಡದಲ್ಲೇ ಉತ್ತರ ಕೊಡಿ, ಇಂಗ್ಲಿಷಿಗೆ ಹಾರಬೇಡಿ. ಅವರಿಗೆ ಅದೇ ದೊಡ್ಡ ಸಹಾಯ. "ಮೊದಲು ಕನ್ನಡ ಸರಿಯಾಗಿ ಕಲಿ" ಎಂದು ಒಬ್ಬರು ಬೈದರೆ ಆ ಮನುಷ್ಯ ಮತ್ತೆಂದೂ ಕನ್ನಡದಲ್ಲಿ ಬರೆಯುವುದಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೆಜ್ಜೆ 6: ಹೇಳಿಯಾದ ಮೇಲೆ ಬಿಟ್ಟುಬಿಡಿ

ತಿದ್ದಿಕೊಂಡರೆ ಸಂತೋಷ. "ಅದೇ ನಾನು ಹೇಳಿದ್ದು" ಎಂದು ಇನ್ನೊಮ್ಮೆ ಬರೆಯಬೇಡಿ. ತಿದ್ದಿಕೊಳ್ಳದಿದ್ದರೂ ಸರಿ, ಮತ್ತೆ ಕೇಳಬೇಡಿ. "ಅರ್ಥ ಆಯ್ತಲ್ಲ, ಸಾಕು" ಎಂದರೆ "ಆಯ್ತು" ಎನ್ನಿ. ನಿಘಂಟಿನ ಪುಟದ ಫೋಟೊ ಕಳಿಸುವ ಆಸೆ ಬರುತ್ತದೆ. ನನಗಂತೂ ಪ್ರತಿ ಸಲ ಬರುತ್ತದೆ. ಕೇಳಿದರೆ ಮಾತ್ರ ಕಳಿಸಿ. ನೀವೇ ತಪ್ಪಿದ್ದೀರಿ ಎಂದು ಗೊತ್ತಾದರೆ, ನೀವು ಎಲ್ಲಿ ಹೇಳಿದಿರೋ ಅಲ್ಲೇ ಒಪ್ಪಿಕೊಳ್ಳಿ. ಗುಂಪಿನಲ್ಲಿ ಹೇಳಿದ್ದನ್ನು ಒಂಟಿಯಾಗಿ ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ.

ನಿಮ್ಮನ್ನೇ ಯಾರಾದರೂ ತಿದ್ದಿದಾಗ ಈ ಹೆಜ್ಜೆಯ ಪರೀಕ್ಷೆ ಆಗುತ್ತದೆ. ದೊಡ್ಡಮ್ಮನ ವರ್ಷದ ಕಾರ್ಯ ಮುಗಿದ ಮೇಲೆ ನಾನು ಅದೇ ಗುಂಪಿಗೆ ಬರೆದೆ: "ಭಾನುವಾರ ಮದ್ಯಾಹ್ನ ಎಲ್ಲರೂ ನಮ್ಮ ಮನೆಗೆ ಬನ್ನಿ." ಎಂಟನೇ ಕ್ಲಾಸಿನಲ್ಲಿ ಓದುವ ತಂಗಿಯ ಮಗಳಿಂದ ಒಂದು ಸಂದೇಶ ಬಂತು, ನನಗೊಬ್ಬನಿಗೇ. "ಮಾವ, ಧ ಬರಬೇಕಲ್ವಾ?" ಶಿಫ್ಟ್ ಒತ್ತುವುದು ಮರೆತೆ ಎಂದು ಬರೆಯಲು ಶುರುಮಾಡಿದೆ. ಅದನ್ನು ಅಳಿಸಿ, "ಹೌದು ಪುಟ್ಟಿ, ಥ್ಯಾಂಕ್ಸ್" ಎಂದು ಹಾಕಿ, 11ನೇ ನಿಮಿಷಕ್ಕೆ ಸರಿಮಾಡಿದೆ.

ಅಷ್ಟರಲ್ಲಿ ಅಣ್ಣ ಓದಿಯಾಗಿತ್ತು. ಗುಂಪಿನಲ್ಲಿ ಏನೂ ಬರೆಯಲಿಲ್ಲ. ಭಾನುವಾರ ಬಂದವನು ಚಪ್ಪಲಿ ಬಿಡುತ್ತಾ ಬಾಗಿಲಲ್ಲೇ ಕೇಳಿದ, "ಎಲ್ಲಪ್ಪಾ ಮದ್ಯ?"